ಅಡಿಗೆಕಟ್ಟೆಯ ಎತ್ತರದ ರೈಲು

ಆ ಕೋಣೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ಅರಸೀಕೆರೆಯ ನಮ್ಮ ಈ ಸಣ್ಣ ಮನೆಯಲ್ಲಿ ಗಾಳಿ ಬೆಳಕು ಎರಡೂ ಧಾರಾಳವಾಗಿ ಬರುವ ಕೋಣೆ ಅದೊಂದೇ. ಬೇರೆಯವರಾಗಿದ್ದರೆ ಒಂದು ಮಂಚ ಹಾಕಿ, ಕಿಟಕಿಗೆ ಪರದೆ ಬಿಟ್ಟು, ಬಂದವರಿಗೆ ಮಲಗಲು ಕೊಡುತ್ತಿದ್ದರು. ನಮ್ಮ ಯಜಮಾನರು ಅಲ್ಲಿ ರೈಲು ಓಡಿಸುತ್ತಿದ್ದರು. ಬೆರಳುದ್ದದ ಎಂಜಿನ್ನು, ಬೆಂಕಿಪೊಟ್ಟಣದಂಥ ಡಬ್ಬಿಗಳು, ಕಡ್ಡಿಯಂಥ ಹಳಿ. ಯಾರಾದರೂ ಬಂದಾಗ ನಾನು “ಇವರದು ಆಟದ ರೈಲು” ಅಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. “ಆಟದ್ದಲ್ಲ ಕಣೇ, ಮಾದರಿ” ಎಂದು ತಿದ್ದುತ್ತಿದ್ದರು. ಮಾದರಿಯೋ ಮಣ್ಣೋ, ನೆಂಟರು ಬಂದರೆ ನಡುಮನೆಯಲ್ಲಿ ಚಾಪೆ ಹಾಸುವವಳು ನಾನು.

ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಮೊದಲು ಗೂಡ್ಸ್, ಆಮೇಲೆ ಪ್ಯಾಸೆಂಜರ್. ಡ್ಯೂಟಿ ಮುಗಿಸಿ ಮನೆಗೆ ಬಂದು, ಸ್ನಾನ ಮಾಡಿ, ಮತ್ತೆ ರೈಲಿನ ಮುಂದೆಯೇ ಹೋಗಿ ಕೂರುವವರನ್ನು ಏನೆನ್ನಬೇಕು? ಹೋಟೆಲಿನ ಭಟ್ಟರು ಮನೆಗೆ ಬಂದ ಮೇಲೆ ಮತ್ತೆ ದೋಸೆ ಹುಯ್ಯುತ್ತಾ ಕೂರುತ್ತಾರೆಯೇ? ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎರಡು ಹಳೇ ಮಂಚಗಳನ್ನು ಜೋಡಿಸಿ, ಮೇಲೆ ಹಲಗೆ ಬಡಿದು, ಅದರ ಒಂದು ತುದಿಯಲ್ಲಿ ಅರಸೀಕೆರೆ ಜಂಕ್ಷನ್ ಕಟ್ಟಿದ್ದರು. ಇನ್ನೊಂದು ತುದಿಯಲ್ಲಿ ಹಳೇಬೀಡು.

ಹಳೇಬೀಡಿಗೆ ರೈಲೆಲ್ಲಿದೆ ಎಂದು ನೀವು ಕೇಳಬಹುದು. ಇಲ್ಲ. ಅದು ನನ್ನ ತವರು. ಮದುವೆಯಾದ ಹೊಸದರಲ್ಲಿ, ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಕೂತರೆ ಸಾಕು, ನನಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಒಂದು ಸಲ ದಾರಿಬದಿಯಲ್ಲಿ ಇಳಿಸಿ ಬಾಯಿಗೆ ನೀರು ಕೊಡುತ್ತಾ, “ಇರು, ನಿಮ್ಮೂರಿಗೆ ನಾನೇ ರೈಲು ಹಾಕಿಸ್ತೀನಿ” ಎಂದಿದ್ದರು. ಹಾಗೆ ಬಂದದ್ದು ಆ ಹಳೇಬೀಡು ಸ್ಟೇಷನ್. ಕೆರೆಯ ಜಾಗದಲ್ಲಿ ಒಂದು ಕನ್ನಡಿ ಚೂರು, ಪಕ್ಕದಲ್ಲಿ ಒಂದು ಬಸದಿ. ಬಸದಿ ಇರಲೇಬೇಕೆಂದು ಹಟ ಹಿಡಿದವಳು ನಾನೇ. ನಾವು ಜೈನರು. ಬಸದಿಯಿಲ್ಲದ ಹಳೇಬೀಡು ನನಗೆ ಎಂಥ ಹಳೇಬೀಡು? ನನ್ನ ತಮ್ಮ ಬಂದಾಗಲೆಲ್ಲ ಅದನ್ನು ನೋಡಿ, “ಸರ್ಕಾರದ ಕೈಲಿ ಆಗದೇ ಇದ್ದಿದ್ದು ಭಾವನ ಕೈಲಿ ಆಯ್ತು ನೋಡಕ್ಕ” ಎಂದು ಕಿಚಾಯಿಸುತ್ತಿದ್ದ.

ಅವರು ನಿವೃತ್ತರಾದ ಮೂರನೆಯ ವರ್ಷವಿರಬೇಕು, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಮನೆಯಲ್ಲೇ ಕುಸಿದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಜೊತೆಗೆ ಮಾತೂ. ಹಾಸನದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಮನೆಗೆ ಕರೆತಂದೆವು. ಜೀವ ಉಳಿಯಿತು, ಅದಕ್ಕೇ ಕೈಮುಗಿಯಬೇಕು. ಆದರೆ ಉಳಿದ ಜೀವವನ್ನು ಅವರು ನಡುಮನೆಯ ಗಿಡ್ಡ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು. ಬೇರೆ ಯಾವ ಕುರ್ಚಿಯೂ ಆಗದು ಎಂದು ಹಟ. ಅದಕ್ಕೇ ಮಗಳು ಆ ಕುರ್ಚಿಯ ಕಾಲಿಗೆ ಗಾಲಿ ಹಾಕಿಸಿಕೊಟ್ಟಳು. ಹಾಸಿಗೆಯಿಂದ ಕುರ್ಚಿ, ಕುರ್ಚಿಯಿಂದ ಹಾಸಿಗೆ, ಅಷ್ಟೇ ಅವರ ಪ್ರಯಾಣ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. “ಕೈ ವಿಷಯ ಹೇಳೋಕಾಗಲ್ಲಮ್ಮ. ಆದ್ರೆ ಕಾಲಿಗೆ ಶಕ್ತಿ ಬಂದಿದೆ. ಅವರು ಅದನ್ನ ಬಳಸ್ಬೇಕು. ಹೀಗೇ ಕೂತಿದ್ರೆ ಕಾಲು ಮರಗಟ್ಟಿ ಹೋಗತ್ತೆ. ಆಮೇಲೆ ಅವರೇ ಬೇಕು ಅಂದ್ರೂ ನಡೆಯೋಕಾಗಲ್ಲ.” ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ವ್ಯಾಯಾಮ ಮಾಡಿಸುವವರು ಮನೆಗೆ ಬರುತ್ತಿದ್ದರು. ಅವರು ಕಾಲು ಮುಟ್ಟಿದೊಡನೆ ಇವರು ಕಣ್ಣು ಮುಚ್ಚಿಬಿಡುತ್ತಿದ್ದರು. ನಾನು ಬೇಡಿದೆ, ಬೈದೆ, ಅತ್ತೆ. ಊಹೂಂ. ಸ್ಟೇಷನ್ ಕಡೆಯಿಂದ ರೈಲು ಕೂಗಿದರೆ ಮೊದಲೆಲ್ಲ ಗಡಿಯಾರ ನೋಡಿ “ಲೇಟು” ಎನ್ನುತ್ತಿದ್ದವರು, ಈಗ ರೆಪ್ಪೆ ಕೂಡ ಅಲುಗಿಸುತ್ತಿರಲಿಲ್ಲ. ನನಗೆ ಭಯವಾಗಲು ಶುರುವಾದದ್ದು ಆಗ.

ಕೊನೆಗೆ ನನಗೆ ನೆನಪಾದದ್ದು ಆ ಕೋಣೆ. ರೈಲನ್ನಾದರೂ ನೋಡಲಿ, ಏನಾದರೂ ಆಸೆ ಹುಟ್ಟಲಿ ಎಂದು ಕುರ್ಚಿಯನ್ನು ತಳ್ಳಿಕೊಂಡು ಹೋಗಿ ಬಾಗಿಲು ತೆಗೆದೆ. ಅಯ್ಯೋ ದೇವರೇ! ಆಸ್ಪತ್ರೆಯ ಓಡಾಟದಲ್ಲಿ ಅಷ್ಟು ದಿನ ಬೀಗ ಹಾಕಿಟ್ಟ ಕೋಣೆಗೆ ಗೆದ್ದಲು ನುಗ್ಗಿತ್ತು. ಮಂಚದ ಕಾಲುಗಳ ಮೇಲೆ ಮಣ್ಣಿನ ಗೆರೆ, ಹಲಗೆಯ ಮೇಲೆ ಮಣ್ಣಿನ ಗೂಡು. ಬೆರಳಿಂದ ಒತ್ತಿದರೆ ಹಲಗೆ ಹಪ್ಪಳದಂತೆ ಪುಡಿಯಾಯಿತು. ಮಧ್ಯಕ್ಕೆ ಕುಸಿದು ಹಳಿಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಪುಣ್ಯಕ್ಕೆ ಎಂಜಿನ್ನು, ಡಬ್ಬಿಗಳು ತಗಡಿನ ಪೆಟ್ಟಿಗೆಯಲ್ಲಿದ್ದವು. ಇವರು ಒಂದು ನಿಮಿಷ ನೋಡಿದರು. ಆಮೇಲೆ ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿ “ಮುಚ್ಚು” ಎಂದರು. ಜೀವಮಾನವಿಡೀ ಬೈದ ರೈಲಿಗಾಗಿ ನಾನು ಅಡಿಗೆಮನೆಯಲ್ಲಿ ಕೂತು ಅತ್ತೆ.

ಆ ಭಾನುವಾರ ಹಾಸನದಿಂದ ಮಗಳು ಬಂದಳು. ಅವಳು ಅಲ್ಲಿ ಸ್ಕೂಲ್ ಟೀಚರ್, ಏನಿದ್ದರೂ ಪಟಪಟನೆ ಮುಗಿಸುವ ಸ್ವಭಾವ. ಕೈಯಲ್ಲಿ ಗೆದ್ದಲಿನ ಔಷಧಿಯ ಡಬ್ಬ.

“ಅಮ್ಮ, ಇದನ್ನ ಹೊಡೆದ್ರೆ ಬೇರುಸಮೇತ ಸಾಯ್ತವೆ. ಆಮೇಲೆ ಹೊಸ ಹಲಗೆ ಹಾಕಿಸಿದ್ರೆ ಆಯ್ತು.”

ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಿಂದ ದನಿ ಬಂತು. “ಬೇಡ.”

ಇಬ್ಬರೂ ತಿರುಗಿದೆವು. ಇವರು ಗೋಡೆ ಬಿಟ್ಟು ನಮ್ಮನ್ನು ನೋಡುತ್ತಿದ್ದರು. “ಕೊಲ್... ಬೇಡ.”

ಇದು ನಮ್ಮ ಮನೆಯ ರೀತಿ. ಇರುವೆ ಬಂದರೆ ಅರಿಶಿನ ಉದುರಿಸುತ್ತೇವೆ, ಜಿರಳೆಯನ್ನು ಮೊರದಲ್ಲಿ ಹಿಡಿದು ಹೊರಗೆ ಬಿಡುತ್ತೇವೆ, ಕತ್ತಲಾಗುವ ಮುಂಚೆ ಊಟ ಮುಗಿಸುತ್ತೇವೆ. ಇವರಂತೂ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತೂ ಸೂರ್ಯ ಮುಳುಗುವ ಮುಂಚೆ ಬುತ್ತಿ ಬಿಚ್ಚುತ್ತಿದ್ದವರು. ಮಗಳಿಗೆ ತಲೆ ಚಿಟ್ಟು ಹಿಡಿಯಿತು. “ಅಪ್ಪಾ, ನಿಮ್ಮ ರೈಲನ್ನೇ ತಿಂದು ಹಾಕಿವೆಯಲ್ಲಪ್ಪಾ!” ಎಂದಳು. ನನಗೆ ಮಾತ್ರ ಅವಳ ಮಾತು ಕೇಳಿಸಲೇ ಇಲ್ಲ. ಮನೆಗೆ ಬಂದ ಮೇಲೆ ಇವರು ತಾವಾಗಿ ಒಂದು ವಿಷಯಕ್ಕೆ ಬಾಯಿ ಹಾಕಿದ್ದು ಅದೇ ಮೊದಲು. ಗೆದ್ದಲಿನ ಮೇಲಾದರೂ ಕನಿಕರ ಉಳಿದಿದೆಯಲ್ಲ, ಇಷ್ಟು ಸಾಕು, ಇದನ್ನೇ ಹಿಡಿದು ಎಳೆಯುತ್ತೇನೆ ಎಂದುಕೊಂಡೆ.

ಹಳಿಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿಟ್ಟೆ. ಹಲಗೆಗಳನ್ನು ಗೆದ್ದಲಿನ ಸಮೇತ ಹಿತ್ತಿಲಿನ ಮೂಲೆಗೆ ಹೊತ್ತು ಹಾಕಿದೆ. ಅರಸೀಕೆರೆಯಿಂದ ಹಳೇಬೀಡಿನವರೆಗಿನ ಇಡೀ ನೆಲ ಬೇವಿನ ಮರದ ಬುಡ ಸೇರಿತು. “ತಗೊಳ್ಳಿ, ಇಲ್ಲಿ ಕೂತು ಹೊಟ್ಟೆ ತುಂಬ ತಿನ್ನಿ, ಒಳಗೆ ಮಾತ್ರ ಕಾಲಿಡಬೇಡಿ” ಎಂದು ಹೇಳಿ ಬಂದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡಿ ನನಗೂ ಏನೋ ಆಗಿದೆ ಎಂದುಕೊಂಡಿರಬೇಕು.

ಇನ್ನು ಹೊಸ ನೆಲ. ಕೊಲ್ಲುವ ಹಾಗಿಲ್ಲ, ಮರದ ಕಾಲು ಇಟ್ಟರೆ ಉಳಿಯುವ ಹಾಗಿಲ್ಲ. ಯೋಚಿಸಿ ಯೋಚಿಸಿ ನನ್ನ ಕಣ್ಣು ಹೋದದ್ದು ನನ್ನ ಅಡಿಗೆಕಟ್ಟೆಯ ಮೇಲೆ. ಇಟ್ಟಿಗೆ ಗೋಡೆ, ಮೇಲೆ ಕಡಪ ಕಲ್ಲು. ಮನೆ ಕಟ್ಟಿದಾಗಿನಿಂದ ಒಂದು ಗೆದ್ದಲು ಅದರ ತಂಟೆಗೆ ಬಂದಿಲ್ಲ. ಅದನ್ನೇ ಕಟ್ಟಿಸಿಬಿಟ್ಟರೆ! ಗಾರೆ ಮೇಸ್ತ್ರಿಯನ್ನು ಕರೆಸಿದೆ. ಕಣಕಟ್ಟೆ ಕಡೆಯವನು, ಕೆಲಸದಲ್ಲಿ ಅಚ್ಚುಕಟ್ಟು.

“ಎಲ್ಡನೇ ಅಡ್ಗೆಮನೇನಾ ಅಮ್ಮಾವ್ರೇ?” ಎಂದ.

“ರೈಲಿಗೆ ಕಣಪ್ಪ.”

ಅವನು ನನ್ನ ಮುಖ ನೋಡಿದ, ಇವರ ಕುರ್ಚಿಯ ಕಡೆ ನೋಡಿದ. ಕಲ್ಲಿಗೆ ಗೋಡೆಯ ಆಸರೆ ಬೇಕೆಂದು ಹೇಳಿ ಕೋಣೆಯ ಮೂರು ಗೋಡೆಗೂ ಸೇರಿಸಿ ಕಟ್ಟೆಯ ಗುರುತು ಹಾಕಿದ. ಬಾಗಿಲ ಪಕ್ಕದ ಗೋಡೆಯಿಂದ ಹೊರಟು, ಹಿಂದಿನ ಗೋಡೆಗುಂಟ ಹಾದು, ಆಚೆ ಪಕ್ಕದ ಗೋಡೆಯ ಕಿಟಕಿಯ ತನಕ. ಆಮೇಲೆ ಕೇಳಿದ, “ಎತ್ರ ಎಷ್ಟಿರ್ಲಿ?”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಸೊಂಟದ ಹತ್ತಿರ ಅಂಗೈ ಚಾಚಿ “ಇಷ್ಟು” ಎಂದೆ. ಕಟ್ಟೆ ಎಂದರೆ ನನ್ನ ಮೈಗೆ ಗೊತ್ತಿದ್ದದ್ದು ಅದೊಂದೇ ಎತ್ತರ. ನಿಂತು ರೊಟ್ಟಿ ತಟ್ಟಲು, ನಿಂತು ತರಕಾರಿ ಹೆಚ್ಚಲು ಬೇಕಾದ ಎತ್ತರ. ನಾನೋ ಉದ್ದನೆಯ ಹೆಂಗಸು.

ಕಟ್ಟೆ ಎದ್ದಿತು. ಕಡಪ ಕಲ್ಲು ಕೂತಿತು. ಅದರ ಮೇಲೆ ದಪ್ಪನೆಯ ಪ್ಲೈವುಡ್ ಹಾಸಿಸಿದೆ, ಅಂಚಿಗೆ ಪಟ್ಟಿ ಹೊಡೆಸಿದೆ. ಬಹಳ ಹೆಮ್ಮೆಯಿಂದ ಇವರನ್ನು ತಳ್ಳಿಕೊಂಡು ಬಂದೆ. ಮಗಳೂ ಇದ್ದಳು, ಕೂಲಿ ತೆಗೆದುಕೊಳ್ಳಲು ಬಂದ ಮೇಸ್ತ್ರಿಯೂ ಇದ್ದ. ಕುರ್ಚಿ ಕಟ್ಟೆಯ ಹತ್ತಿರ ನಿಂತಿತು. ಹಲಗೆಯ ಅಂಚು ಇವರ ಗದ್ದಕ್ಕೆ ಸಮ ಬಂತು.

ಹಲಗೆಯ ಮೇಲೆ ಏನಿದೆಯೆಂದು ಇವರಿಗೆ ಕಾಣುವ ಹಾಗೇ ಇರಲಿಲ್ಲ. ಎಡಗೈ ಎತ್ತಿದರೆ ಅಂಚು ಸಿಗುತ್ತಿತ್ತೇ ಹೊರತು ಹಳಿ ಹಾಕುವ ಜಾಗ ಸಿಗುತ್ತಿರಲಿಲ್ಲ. ಎತ್ತರದ ಸ್ಟೂಲಿನ ಮೇಲೆ ಕೂರಿಸೋಣವೆಂದರೆ ಬಲಗಡೆಗೆ ವಾಲಿ ಬಿದ್ದುಬಿಡುತ್ತಾರೆ. ಮಗಳು ಹಣೆ ಚಚ್ಚಿಕೊಂಡಳು. “ಅಳತೆ ತಗೊಳ್ಳೋವಾಗ ಅಪ್ಪನ್ನ ಒಂದ್ಸಲ ನೋಡ್ಬಾರ್ದಿತ್ತಾ ಅಮ್ಮ? ಅಡಿಗೆ ಮಾಡೋದು ಅವರಲ್ಲ, ನೀನು!” ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮೇಸ್ತ್ರಿ ಕಲ್ಲನ್ನು ಬೆರಳಿಂದ ಬಡಿದು ನೋಡಿದ. “ಒಡದು ಬೇರೆ ಕಟ್ಬೋದು ಅಮ್ಮಾವ್ರೇ. ಆದ್ರೆ ಈ ಕಲ್ಲು ಉಳಿಯಾಕಿಲ್ಲ, ಚೂರಾಯ್ತದೆ. ಸಿಮೆಂಟು ಬಂಡೆ ಆಗೈತೆ” ಎಂದ.

ಇವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತು. “ಬುದ್ಧಿ... ಇಲ್ಲ” ಎಂದರು.

ಬಂದೇ ಬಂತು ನೋಡಿ ನನಗೂ ಸಿಟ್ಟು. ತಿಂಗಳುಗಟ್ಟಲೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಬಂತು. “ಹೌದ್ರೀ, ಬುದ್ಧಿ ಇಲ್ಲ ನಂಗೆ! ಇದ್ದಿದ್ರೆ ಗೋಡೆ ನೋಡ್ಕೊಂಡು ಕೂತಿರೋರಿಗೋಸ್ಕರ ಗೆದ್ದಲು ಹೊರ್ತಿದ್ನಾ? ಜೀವಮಾನ ಪೂರ್ತಿ ಏನು ಕೆಲ್ಸ ಮಾಡಿದ್ದು ನೀವು? ಸ್ಟೇಷನ್ ಬಂದಾಗ ಯಾವ ಗಾರ್ಡ್ ಕೂತಿರ್ತಾನೆ? ಬಾಗಿಲಲ್ಲಿ ಎದ್ದು ನಿಂತು ಬಾವುಟ ತೋರಿಸ್ಬೇಕಲ್ವಾ? ನೋಡಬೇಕು ಅಂದ್ರೆ ಏಳ್ರೀ!”

ಮೇಸ್ತ್ರಿ ಮೆಲ್ಲಗೆ ಬಾಗಿಲ ಕಡೆ ಸರಿದ. ಮಗಳು “ಅಮ್ಮಾ” ಎಂದಳು. ಇವರು ಎಡಗೈಯಿಂದ ಹಲಗೆಯ ಅಂಚನ್ನು ಹಿಡಿದುಕೊಂಡರು. ಕುರ್ಚಿ ಹಿಂದಕ್ಕೆ ಜಾರತೊಡಗಿತು, ಓಡಿಹೋಗಿ ಗಾಲಿಗೆ ಕಾಲು ಕೊಟ್ಟೆ. ಮಗಳು ಕಂಕುಳಿಗೆ ಕೈ ಹಾಕಿದಳು. ಅಲುಗಾಡುತ್ತಾ, ಮುಖ ಕೆಂಪಗೆ ಮಾಡಿಕೊಂಡು, ಎದ್ದು ನಿಂತರು. ಬರೀ ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಧೊಪ್ಪನೆ ಕೂತರು. ಕಟ್ಟೆ ಒಡೆಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಲ್ಲಿಂದಾಚೆ ನನ್ನ ವಿದ್ಯಾಭ್ಯಾಸ ಶುರುವಾಯಿತು. ದಿನಾ ಮಧ್ಯಾಹ್ನ ಇವರನ್ನು ಬಾಗಿಲ ಪಕ್ಕದ ಅರಸೀಕೆರೆಯ ತುದಿಗೆ ತಂದು ನಿಲ್ಲಿಸುವುದು, ನಿಂತಷ್ಟು ಹೊತ್ತು ಅವರು ಎಡಗೈ ಬೆರಳಲ್ಲಿ ತೋರಿಸುವುದು, ನಾನು ಮಾಡುವುದು. ಪ್ಲೈವುಡ್ಡಿನ ಮೇಲೆ ಬಳಪದಲ್ಲಿ ಹಳಿಯ ದಾರಿ ಬರೆದೆ. ರಂಗೋಲಿ ಹಾಕಿದ ಕೈ ನೋಡಿ, ತಿರುವು ತಾನಾಗಿ ಬಂತು. ಇವರೂ ತಲೆದೂಗಿದರು. ಆದರೆ ಹಳಿಗೆ ಹಳಿ ಕೂಡಿಸುವುದಿದೆಯಲ್ಲ, ಅದು ಸೂಜಿಗೆ ದಾರ ಪೋಣಿಸಿದ ಹಾಗೆ. ಒಂದು ಕೂದಲಿನಷ್ಟು ಮೇಲೆ ಕೆಳಗೆ ಆದರೂ ರೈಲು ಅಲ್ಲಿ ಮುಗ್ಗರಿಸುತ್ತದೆ. ಅವರು “ತೆಗಿ” ಎನ್ನುವುದು, ನಾನು ತೆಗೆಯುವುದು. “ತೆಗಿ” ಎನ್ನುವುದು, ನಾನು ಗೊಣಗುತ್ತಾ ಮತ್ತೆ ತೆಗೆಯುವುದು. ವೈರು ಎಳೆಯಲು ಮಗಳು ಭಾನುವಾರ ಬರುತ್ತಿದ್ದಳು. ಮರಳನ್ನು ನನ್ನ ರವೆ ಜರಡಿಯಲ್ಲೇ ಸೋಸಿ, ಹಳಿಯ ನಡುವೆ ಜಲ್ಲಿಯಾಗಿ ಸುರಿದು ಗೋಂದು ಹನಿಸಿದೆವು. ಆ ಜರಡಿ ಅಡಿಗೆಮನೆಗೆ ವಾಪಸ್ಸು ಬರಲೇ ಇಲ್ಲ.

ನಡುವೆ ಒಂದು ದಿನ ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ ಬಂದೆ. ಈಗ ವಾಂತಿಯಾಗುವುದಿಲ್ಲ, ವಯಸ್ಸಿಗೆ ಅದೊಂದು ಲಾಭ. ಹಳೆಯ ಬಸದಿಯನ್ನೂ ಗೆದ್ದಲು ಬಿಟ್ಟಿರಲಿಲ್ಲ, ರಟ್ಟಿನದಾಗಿತ್ತಲ್ಲ. ದೇವಸ್ಥಾನದ ಮುಂದೆ ಮಾರುವವರ ಹತ್ತಿರ ಹುಡುಕಿ ಬಳಪದ ಕಲ್ಲಿನಲ್ಲಿ ಕೆತ್ತಿದ ಪುಟ್ಟ ಗುಡಿಯೊಂದನ್ನು ತಂದೆ. “ಇನ್ನು ಇದನ್ನ ತಿನ್ನೋಕೆ ಗೆದ್ದಲಿಗೆ ಹಲ್ಲೇ ಬೇರೆ ಬೇಕು” ಎಂದು ಅವರ ಕೈಗಿಟ್ಟಾಗ ಅವರ ಬಾಯಿಯ ಎಡತುದಿ ಸ್ವಲ್ಪ ಮೇಲೆ ಹೋಯಿತು. ಅದು ನಗು. ಈಗೆಲ್ಲ ಹಾಗೇ ನಗುವುದು. ಬಸ್ಸಿನ ಸುಸ್ತೆಲ್ಲ ಇಳಿದುಹೋಯಿತು ನನಗೆ.

ಇಷ್ಟೆಲ್ಲ ಆದರೂ ನಿಲ್ಲುವುದು ನಿಲ್ಲುವುದಕ್ಕೇ ಮುಗಿಯಿತು. ಮೊದಲು ಉಸಿರು ಕಟ್ಟಿ ನಿಲ್ಲುತ್ತಿದ್ದವರು ಆಮೇಲೆ ಒಂದು ಹಳಿ ಜೋಡಿಸಿ ಮುಗಿಯುವವರೆಗೂ ನಿಲ್ಲುತ್ತಿದ್ದರು, ನಿಜ. ಆದರೆ ಹೆಜ್ಜೆ ಕಿತ್ತಿಡು ಎಂದರೆ ಮುಖ ಕಲ್ಲಾಗುತ್ತಿತ್ತು. ಕಟ್ಟೆಯ ಆಚೆ ಭಾಗದ ಕೆಲಸ ನೋಡಬೇಕಾದರೆ ಕೂತು, ಕುರ್ಚಿ ತಳ್ಳಿಸಿಕೊಂಡು ಹೋಗಿ, ಅಲ್ಲಿ ಏಳುತ್ತಿದ್ದರು. ಡಾಕ್ಟರಿಗೆ ತೋರಿಸಿದಾಗ ಅವರು ಕಾಲು ಬಾಗಿಸಿ ನೋಡಿ, “ನಿಲ್ತಿರೋದು ಒಳ್ಳೇದು. ಆದ್ರೆ ನಡೀಬೇಕಮ್ಮ. ತಡ ಆಗ್ತಿದೆ” ಎಂದರು. ಬಿದ್ದುಬಿಟ್ಟರೆ ಎಂಬ ಭಯ ಇವರಿಗೆ. ಒಂದು ಸಲ ಬಚ್ಚಲಲ್ಲಿ ಬಿದ್ದವರಲ್ಲವೇ. ನನಗೂ ಅದೇ ಭಯ, ಹಾಗಾಗಿ ನಾನೂ ಜೋರು ಮಾಡುತ್ತಿರಲಿಲ್ಲ. ಇಬ್ಬರೂ ಹೆದರಿಕೊಂಡು ಕೂತಿದ್ದರೆ ಆ ಕಾಲಿನ ಗತಿ ಏನು ಎಂದು ಹಾಸಿಗೆಯಲ್ಲಿ ಹೊರಳಾಡುತ್ತಿದ್ದೆ.

ಹಳಿ ಹಳೇಬೀಡಿಗೆ ಮುಟ್ಟಿ ಕೆಲವು ದಿನಗಳಾಗಿದ್ದವು. ರೈಲು ಅರಸೀಕೆರೆ ಬಿಟ್ಟು ಜೋರಾಗಿಯೇ ಹೋಗುತ್ತಿತ್ತು, ಆದರೆ ಹಳೇಬೀಡಿನ ಹೊರಗೆ, ನಾನು ಕೂಡಿಸಿದ ಒಂದು ಕೆಟ್ಟ ಜೋಡಣೆಯಲ್ಲಿ ಪ್ರತಿ ಸಲವೂ ನಿಂತುಬಿಡುತ್ತಿತ್ತು. ಇವರು ಈ ತುದಿಯಿಂದ ಕೂಗುವುದು, ನಾನು ಹೋಗಿ ಎಂಜಿನ್ನಿಗೆ ಬೆರಳು ತಾಗಿಸಿ ತಳ್ಳುವುದು ರೂಢಿಯಾಗಿತ್ತು.

ಅವತ್ತು ಸಂಜೆ ಹೊತ್ತು ಇಳಿಯುತ್ತಿತ್ತು. ಕತ್ತಲಾಗುವುದರೊಳಗೆ ಊಟವಾಗಬೇಕು, ನಾನು ರೊಟ್ಟಿ ತಟ್ಟುತ್ತಿದ್ದೆ. ಕೋಣೆಯಿಂದ ಕೂಗು ಬಂತು. “ನಿಂತ್... ನಿಂತ್ಹೋಯ್ತು!”

“ಬಂದೆ ಇರ್ರೀ, ಕೈಯೆಲ್ಲ ಹಿಟ್ಟು!” ಎಂದೆ.

ಇನ್ನೊಂದು ಸಲ ಕೂಗಿದರು. ಹೆಂಚಿನ ಮೇಲೆ ರೊಟ್ಟಿ, ಎಲ್ಲಿಗೆ ಹೋಗಲಿ? “ಇದೊಂದು ರೊಟ್ಟಿ!” ಎಂದೆ. ಆಮೇಲೆ ಕೂಗು ಬರಲಿಲ್ಲ. ರೊಟ್ಟಿ ಮಗುಚುವಾಗ ಗಾಲಿ ಉರುಳಿ ಕುರ್ಚಿ ಬಾಗಿಲಿಗೆ ತಾಗಿದ ಸದ್ದು ಕೇಳಿತು, ಸಿಟ್ಟಿಗೆ ಕುರ್ಚಿ ಕುಟ್ಟುತ್ತಿದ್ದಾರೆ ಎಂದುಕೊಂಡೆ. ರೊಟ್ಟಿ ಬೇಯಿಸಿ ಇಳಿಸಿ, ಕೈ ತೊಳೆದ ಮೇಲೂ ಕೂಗು ಬಾರದಾಗ ಗಾಬರಿಯಾಯಿತು. ಓಡಿದೆ.

ಬಾಗಿಲಿಗೆ ಅಡ್ಡಲಾಗಿ ಕುರ್ಚಿ. ಅದರಲ್ಲಿ ಯಾರೂ ಇಲ್ಲ. ನೆಲ ನೋಡಿದೆ, ನೆಲದಲ್ಲೂ ಇಲ್ಲ. ತಲೆ ಎತ್ತಿದರೆ, ಹಿಂದಿನ ಗೋಡೆಯನ್ನೂ ದಾಟಿ, ಆಚೆ ಪಕ್ಕದ ಗೋಡೆಯ ಕಿಟಕಿಯ ಹತ್ತಿರ, ಕಟ್ಟೆಗೆ ಹೊಟ್ಟೆ ಆನಿಸಿ ನಿಂತಿದ್ದರು. ಮೂರು ಗೋಡೆಗುಂಟ ಹಲಗೆಯ ಅಂಚು ಹಿಡಿದು, ಬಲಗಾಲು ಎಳೆದುಕೊಂಡು ಹೋಗಿದ್ದಾರೆ. ಎಡಗೈ ಬೆರಳಿಂದ ಎಂಜಿನ್ನನ್ನು ತಳ್ಳಿದರು. ಅದು ಗುರ್ರೆಂದು ಹೊರಟು ಹಳೇಬೀಡು ಸ್ಟೇಷನ್ ಸೇರಿತು. ಆಮೇಲೆಯೇ ತಾವು ಎಲ್ಲಿ ನಿಂತಿದ್ದೇವೆಂದು ಅವರಿಗೆ ಗೊತ್ತಾದದ್ದು. ಹಿಂದೆ ತಿರುಗಿ ನೋಡಿದರು, ಕುರ್ಚಿ ಅಷ್ಟು ದೂರದಲ್ಲಿ. ಮುಖ ಬಿಳುಚಿತು, ಕಾಲು ನಡುಗತೊಡಗಿತು.

“ಕುರ್ಚಿ... ತಾ.”

ಕುರ್ಚಿಯ ಬೆನ್ನಿಗೆ ಕೈ ಹಾಕಿದೆ. ನಾಲ್ಕು ಹೆಜ್ಜೆ ತಳ್ಳಿದರೆ ಅವರು ಕೂರುತ್ತಾರೆ, ನನ್ನ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದೆ. ಕೂತರೆ ಮತ್ತೆ ಏಳುತ್ತಾರೆಯೇ? ಕೈ ಹಿಂದಕ್ಕೆ ತೆಗೆದೆ.

“ತರಲ್ಲ ಕಣ್ರೀ. ಹೋದ ಹಾಗೇ ಬನ್ನಿ.”

“ಬೀಳ್ತೀನಿ.”

“ಅಂಚು ಬಿಡಬೇಡಿ, ಬೀಳಲ್ಲ.”

ನನ್ನನ್ನೇ ದುರುಗುಟ್ಟಿ ನೋಡಿದರು. ಹೋಗಿ ಹಿಡಿದುಕೊಳ್ಳಬೇಕೆಂದು ನನ್ನ ಕೈಯೆಲ್ಲ ತುಡಿಯುತ್ತಿತ್ತು, ಸೆರಗನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಾಗಿಲಲ್ಲೇ ನಿಂತೆ. ಅವರ ಎಡಗೈ ಅಂಚಿನ ಮೇಲೆ ಒಂದು ಗೇಣು ಸರಿಯಿತು. ಬಲಗಾಲು ಹಿಂದೆ ಬಂತು.

“ಏನ್ ಹೆಂಗಸೇ ನೀನು,” ಎಂದರು. ಇನ್ನೊಂದು ಹೆಜ್ಜೆ. “ಗಂಡ ಬಿದ್ದು ಸಾಯ್ಲಿ ಅಂತ... ಅಲ್ಲಿ ನಿಂತ್ಕೊಂಡು... ತಮಾಷೆ ನೋಡ್ತಾ ಇದೀಯಲ್ಲ... ಗೆದ್ದಲಿಗೆ ತೋರ್ಸಿದ ಕರುಣೆ... ನಂಗೆ ತೋರ್ಸೋಕೆ ಏನಾಗಿದೆಯೇ ನಿಂಗೆ?”

ಲಕ್ವ ಹೊಡೆದ ಮೇಲೆ ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದಿರಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿ ಅವರೇ ಸರಿಯಾಗಿ ಕಾಣುತ್ತಿರಲಿಲ್ಲ. “ಇನ್ನೂ ಬೈರಿ,” ಎಂದೆ. “ಬೈತಾ ಬನ್ನಿ.”

ಬೈಯುತ್ತಾ ಬಂದರು.